ಬಣ್ಣ ಒಣಗುವಷ್ಟು ಹೊತ್ತು

"ಸಿಗರೇಟು ಬಿಟ್ಟಿದ್ದು ಬಾಯಿ, ಲಕ್ವ ಹೊಡೆದಿದ್ದು ಕೈಗೆ. ನೋಡಿ ಸಾರ್, ನಮ್ಮ ಪೇಂಟರ್ ಸಾಹೇಬ್ರು ನಿಮ್ಮ ಕಾರಿಗೆ ಕಣ್ಣೀರು ಹಾಕಿಸಿದ್ದಾರೆ."

ಮೇಸ್ತ್ರಿ ಇದನ್ನು ಹೇಳಿದ್ದು ಕಾರಿನ ಯಜಮಾನರ ಎದುರಿಗೆ, ತಗಡು ಬಡಿಯುವ ಟಿಂಕರ್ ಮಾವನ ಎದುರಿಗೆ, ಪಕ್ಕದ ಲೇತ್ ಅಂಗಡಿಯಿಂದ ಕೆಲಸವಿಲ್ಲದೆ ಬಂದು ನಿಂತಿದ್ದ ಇಬ್ಬರ ಎದುರಿಗೆ. ನೀಲಿ ಬಾಗಿಲಿನ ಮೇಲೆ ಬಣ್ಣ ನಿಜಕ್ಕೂ ಕಣ್ಣೀರಿನ ಹಾಗೇ ಇಳಿದು ಅಲ್ಲಲ್ಲೇ ಗಟ್ಟಿಯಾಗಿತ್ತು. ಲೇತಿನವರು ಕಿಸಕ್ಕೆಂದರು. ಪೇಂಟರನ ಪಿತ್ತ ನೆತ್ತಿಗೇರಿತು.

"ಇವತ್ತು ಬಾಗಿಲು ಸರಿ ಮಾಡು. ನಾಳೆ ಬಾನೆಟ್ಟೂ ಹಿಂಗೇ ಆಯ್ತೋ, ಸ್ಪ್ರೇ ಗನ್ನು ಇಟ್ಟು ಉಪ್ಪುಕಾಗದ ಹಿಡಿದು ಪುಟ್ಟಿ ಉಜ್ಜು. ಇಲ್ಲಾ, ಒಂದು ಸಿಗರೇಟು ಹಚ್ಚಿ ಮೊದಲಿನ ಥರ ಮನುಷ್ಯನಾಗು" ಎಂದ ಮೇಸ್ತ್ರಿ.

ಉಪ್ಪುಕಾಗದ! ಶಾಲೆಗೆ ದೊಡ್ಡ ನಮಸ್ಕಾರ ಹೊಡೆದು ಈ ಶೆಡ್ಡಿಗೆ ಬಂದವನು ವರ್ಷಗಟ್ಟಲೆ ಪುಟ್ಟಿ ಉಜ್ಜಿ, ಬೆರಳಿನ ಗೆರೆಗಳೇ ಸವೆದ ಮೇಲೆ ಕೈಗೆ ಬಂದ ಗನ್ನು ಅದು. ಅದನ್ನು ಬಿಡುವುದೆಂದರೆ ಅರ್ಧ ಜೀವ ಬಿಟ್ಟ ಹಾಗೆ.

ಸಿಗರೇಟು ಬಿಟ್ಟದ್ದೂ ಸಿಟ್ಟಿನಲ್ಲೇ. ಅಕ್ಕನ ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದರೆ, "ಸೋಪು ಹಚ್ಚಿ ತೊಳ್ಕೊಂಡು ಬಾರೋ, ಹೊಗೆಗೂಡು" ಎಂದಿದ್ದಳು. ತೊಳೆದು ಬಂದ. ಬೆರಳು ಮೂಸಿ ಮತ್ತೆ ಅಟ್ಟಿದಳು. ಮತ್ತೂ ತೊಳೆದು ಬಂದ, ಮತ್ತೂ ಮೂಗು ಮುರಿದಳು. "ಇಟ್ಕೋ ಹೋಗೇ ನಿನ್ನ ಕೂಸನ್ನ" ಎಂದವನೇ ಬೀದಿಗಿಳಿದು ಪ್ಯಾಕೆಟ್ಟನ್ನು ಮೋರಿಗೆಸೆದ. ಈಗ ಕೂಸು ಅವನ ಹೆಗಲ ಮೇಲೇ ನಿದ್ದೆ ಹೋಗುತ್ತದೆ, ಅಂಗಿಯ ಕಾಲರನ್ನು ಚೀಪಿ ಒದ್ದೆ ಮಾಡುತ್ತದೆ. ಅದೊಂದೇ ತಂಪು. ಕೆಲಸಕ್ಕೆ ಬಂದರೆ ಮೈಯೆಲ್ಲ ಉರಿ. ಕಂಪ್ರೆಸರಿನ ಸದ್ದು ಹಲ್ಲಿನ ಸಂದಿಗೆ ಹೊಕ್ಕ ಹಾಗೆ. ಯಾರು ಕೆಮ್ಮಿದರೂ ತನ್ನನ್ನೇ ಅಣಕಿಸಿದ ಹಾಗೆ.

ಮಧ್ಯಾಹ್ನವಿಡೀ ಹಲ್ಲು ಕಚ್ಚಿಕೊಂಡು ಆ ಬಾಗಿಲನ್ನು ಉಜ್ಜಿದ. ಟಿಂಕರ್ ಮಾವ ಸುತ್ತಿಗೆ ಕೆಳಗಿಟ್ಟು ಕೇಳಿದ, "ಥಿನ್ನರ್ ಜಾಸ್ತಿ ಹಾಕಿದ್ಯೇನೋ?"

"ಇಲ್ಲ ಮಾವ."

"ಗನ್ನಿನ ಮೂತಿ ಕಟ್ಟಿತ್ತಾ?"

"ಇಲ್ಲ."

"ಹಂಗಾದ್ರೆ ಕಟ್ಟಿರೋದು ನಿನ್ನ ಮೂತಿನೇ ಬಿಡು."

ಇನ್ನೊಂದು ಹೊತ್ತಾಗಿದ್ದರೆ ಅವನೂ ನಗುತ್ತಿದ್ದ.

ಬಿಸಿಲು ಇಳಿಯುವ ಮುಂಚೆ ಮತ್ತೆ ಗನ್ನು ಹಿಡಿದ. ಮೊದಲ ಕೋಟು ಹಾಲಿನ ಕೆನೆಯಂತೆ ಕೂತಿತು. ಎಡಗೈ ತಾನಾಗಿಯೇ ಜೇಬಿಗೆ ಹೋಯಿತು. ಜೇಬು ಖಾಲಿ. ಕೈ ಪೆಚ್ಚಾಗಿ ಹೊರಬಂತು. ಮಾಡಲು ಬೇರೇನೂ ಇಲ್ಲದೆ ಬಲಗೈ ಎರಡನೇ ಕೋಟಿಗೆಂದು ಗನ್ನನ್ನು ಎತ್ತಿಯೇಬಿಟ್ಟಿತು.

ಅಲ್ಲೇ ನಿಂತ.

ಅವನಿಗೆ ಕೆಲಸ ಕಲಿಸಿದ ಮುದುಕ ಎಂದೂ ಗಡಿಯಾರ ನೋಡಿದವನಲ್ಲ. "ಹೋಗಿ ಒಂದು ಸಿಗರೇಟು ಸೇದ್ಕೊಂಡು ಬಾ, ಅಷ್ಟರಲ್ಲಿ ಒಣಗುತ್ತೆ" ಎನ್ನುತ್ತಿದ್ದ. ಆ ಮುದುಕನಿಗೆ ಅವನ ಗುರು ಹೇಳಿದ್ದೂ ಅದೇ ಇರಬೇಕು. ಸಿಗರೇಟನ್ನು ಮೋರಿಗೆ ಎಸೆದಾಗ ಇವನು ಒಣಗುವ ಹೊತ್ತನ್ನೂ ಅದರ ಜೊತೆಗೇ ಎಸೆದು ಬಂದಿದ್ದ! ಹಸಿಯ ಮೇಲೆ ಹಸಿ ಬಳಿದರೆ ಬಣ್ಣ ಇಳಿಯದೆ ಇನ್ನೇನಾಗುತ್ತದೆ? ಕೈಗೇನೂ ಆಗಿರಲಿಲ್ಲ. ಪೇಂಟರ್ ಒಬ್ಬನೇ ಜೋರಾಗಿ ನಕ್ಕ. ಟಿಂಕರ್ ಮಾವ ತಿರುಗಿ ನೋಡಿ, ಇವನಿಗೆ ಪೂರ್ತಿ ಹುಚ್ಚು ಹಿಡಿಯಿತು ಎಂಬಂತೆ ತಲೆಯಾಡಿಸಿದ.

ಗನ್ನನ್ನು ಕೊಕ್ಕೆಗೆ ಸಿಕ್ಕಿಸಿ, ಹಿತ್ತಿಲ ಗೋಡೆಯ ಹತ್ತಿರ ಹೋಗಿ ನಿಂತ. ಅಲ್ಲಿ ಹಳೇ ಸಿಗರೇಟು ತುಂಡುಗಳ ವಾಸನೆಗೆ ಬಾಯಲ್ಲಿ ನೀರೂರಿತು. ಇಲ್ಲಿ ನಿಂತರೆ ಕೆಟ್ಟೆ ಎಂದುಕೊಂಡು ಗೇಟು ದಾಟಿದ. ಲೇತ್ ಅಂಗಡಿ, ಗಾಜು ಕತ್ತರಿಸುವ ಅಂಗಡಿ, ಬಿಸಿಲಲ್ಲಿ ಮೈ ಚಾಚಿದ್ದ ಕಂದು ನಾಯಿ, ಬೀದಿ ತಿರುವಿನ ನಲ್ಲಿ. ಮುಖಕ್ಕೆ ತಣ್ಣೀರೆರಚಿಕೊಂಡು, ನಾಯಿಯ ಕಿವಿ ತುರಿಸಿ ವಾಪಸು ಬಂದ. ಬಾಗಿಲಂಚಿನ ಟೇಪಿನ ಮೇಲೆ ಬಿದ್ದಿದ್ದ ಬಣ್ಣವನ್ನು ಬೆರಳಿನಿಂದ ಮುಟ್ಟಿದ. ಎಳೆ ಬರಲಿಲ್ಲ, ಒಣಗಿತ್ತು. ಆಗ ಎರಡನೇ ಕೋಟಿಗೆ ಗನ್ನು ಎತ್ತಿದ.

ಮರುದಿನ ಮೇಸ್ತ್ರಿ ಬಾಗಿಲಿನ ಮುಂದೆ ಕೂತು ಬಗ್ಗಿ ಬಗ್ಗಿ ನೋಡಿದ. ನೀಲಿಯಲ್ಲಿ ಅವನ ಮೀಸೆಯ ಒಂದೊಂದು ಕೂದಲೂ ಕಾಣುತ್ತಿತ್ತು. ಪೇಂಟರ್ ಆಗಷ್ಟೇ ಬಾನೆಟ್ಟಿಗೆ ಮೊದಲ ಕೋಟು ಹೊಡೆದು ಮುಗಿಸಿದ್ದ.

"ಸಿಗರೇಟು ಹಚ್ಚಿದ್ದೀಯ ಅಲ್ವೇನೋ?" ಮೇಸ್ತ್ರಿ ಎಲ್ಲರಿಗೂ ಕೇಳುವಂತೆ ಅಂದ. "ನಾನು ಹೇಳ್ಲಿಲ್ವಾ, ಇವನ ಕೈಲಿ ಆಗಲ್ಲ ಅಂತ? ಅಕ್ಕನಿಗೆ ಹೇಳಲ್ಲ, ಹೆದರ್ಬೇಡ. ತಗೋ, ನಂದೇ ಒಂದು ಸೇದು." ಪ್ಯಾಕೆಟ್ಟು ತೆರೆದು ಮುಂದೆ ಹಿಡಿದ. ಲೇತಿನವರು ಮತ್ತೆ ಕಿಸಕ್ಕೆಂದರು.

ಪೇಂಟರನ ನಾಲಿಗೆಯ ತುದಿಗೆ ಒಳ್ಳೇ ಖಾರದ ಮಾತೊಂದು ಬಂದಿತ್ತು. ಆಡಿದ್ದರೆ ಮಾತಿಗೆ ಮಾತು ಬೆಳೆದು, ಅದೇ ಸಿಟ್ಟಿನಲ್ಲಿ ಕೈ ಮತ್ತೆ ಗನ್ನಿಗೆ ಹೋಗುತ್ತಿತ್ತು. ಬಾನೆಟ್ಟು ಇನ್ನೂ ಹಸಿ.

ಗನ್ನನ್ನು ಕೊಕ್ಕೆಗೆ ಸಿಕ್ಕಿಸಿದ. ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ಏಯ್, ಕೇಳಿದ್ದಕ್ಕೆ ಉತ್ತರ ಕೊಟ್ಟು ಹೋಗೋ. ಎಲ್ಲಿಗೆ ಹೊರಟೆ?"

ಅವನು ಗೇಟು ದಾಟಿ ನಲ್ಲಿಯ ಕಡೆಗೆ ನಡೆದ. ಕಂದು ನಾಯಿ ಎದ್ದು ಮೈ ಕೊಡವಿ ಅವನ ಹಿಂದೆಯೇ ಹೊರಟಿತು.