ಖಾಲಿ ಬಿಟ್ಟ ಅಂಕಣ

ಕೆಮ್ಮಿನ ಔಷಧಿಯ ಡಬ್ಬಿಯೊಳಗೆ ಇಡುವ ಹಾಳೆಯಲ್ಲಿ ದೊಡ್ಡವರಿಗೆ ಕೊಡುವ ಅಳತೆ ಮಕ್ಕಳ ಅಂಕಣದಲ್ಲಿ ಅಚ್ಚಾಯಿತು. ಇಬ್ಬರು ಮಕ್ಕಳು ಸತ್ತರು. ಹಾಳೆಯ ಪುಟ ಜೋಡಿಸಿದವಳನ್ನು ಮುದ್ರಣಾಲಯದವರು ಕೆಲಸದಿಂದ ತೆಗೆದು, ತಪ್ಪು ಅವಳದೇ ಎಂದು ತನಿಖೆಯವರಿಗೆ ಬರೆದುಕೊಟ್ಟರು.

ಅವಳ ನಾದಿನಿ ಅಲ್ಲಿಯೇ, ಪಕ್ಕದ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಅತ್ತಿಗೆಯ ಬೆನ್ನ ಹಿಂದೆ ಬಂದು ಬೆನ್ನ ಹಿಂದೆಯೇ ಹೋಗುತ್ತಿದ್ದಳೆಂದು ಯಂತ್ರ ಓಡಿಸುವ ಮಸಿಮಾವ ಅವಳಿಗೆ ಬಾಲ ಎಂದು ಹೆಸರಿಟ್ಟಿದ್ದ. ಈಗ ಬಾಲ ಒಬ್ಬಳೇ ಬರುತ್ತಿದ್ದಳು. ಆ ಹೆಸರಿಗೆ ಯಾರೂ ನಗುತ್ತಿರಲಿಲ್ಲ.

ಅವಳಿಗೆ ಟ್ಯಾಬ್ ಹಾಕಲು ಕಲಿಸಿದ್ದು ಅತ್ತಿಗೆಯೇ. “ಸ್ಪೇಸ್ ಒತ್ತೊತ್ತಿ ಸರಿಸಿದ್ರೆ ಇವತ್ತು ನಿಲ್ಲುತ್ತೆ, ನಾಳೆ ಅಕ್ಷರದ ರೂಪ ಬದಲಾದ್ರೆ ಜಾರಿಹೋಗುತ್ತೆ ಕಣೆ. ಮೇಲಿನ ಅಳತೆಪಟ್ಟೀಲಿ ನಿಲ್ದಾಣ ಇಡು. ಟ್ಯಾಬ್ ಒತ್ತಿದ್ರೆ ಅಕ್ಷರ ಸೀದಾ ಅಲ್ಲಿಗೇ ಹೋಗಿ ನಿಲ್ಲುತ್ತೆ. ಬಸ್ ಇದ್ದ ಹಾಗೆ.”

“ಖಾಲಿ ನಿಲ್ದಾಣದಲ್ಲೂ ನಿಲ್ಲಿಸ್ಬೇಕಾ ಅತ್ತಿಗೆ?”

“ಯಾರೂ ಹತ್ತದಿದ್ರೂ ನಿಲ್ಲಿಸ್ಬೇಕು. ಒಂದು ಬಿಟ್ಟೆ ಅಂದ್ರೆ ಒಳಗಿರೋರೆಲ್ಲ ಬೇರೆಯವರ ಊರಲ್ಲಿ ಇಳೀತಾರೆ.”

ಆ ಹಾಳೆಯಲ್ಲಿ ಮೂರು ಅಂಕಣಗಳಿದ್ದವು: ಎರಡು ವರ್ಷದೊಳಗಿನ ಕೂಸುಗಳು, ಹತ್ತು ವರ್ಷದೊಳಗಿನ ಮಕ್ಕಳು, ದೊಡ್ಡವರು. ಮೊದಲನೆಯದರ ಕೆಳಗೆ ‘ಕೊಡಬಾರದು’ ಎಂದಿತ್ತು. ಔಷಧಿ ಕಂಪನಿಯ ಮನುಷ್ಯ ಬಂದು ಅದನ್ನು ತೆಗೆಸಿದ. “ಹಾಗೆ ಹಾಕಿದ್ರೆ ತಾಯಂದ್ರು ಹೆದರ್ತಾರಮ್ಮ. ಖಾಲಿ ಬಿಡಿ. ಖಾಲಿ ಇದ್ರೆ ಕೊಡಬಾರದು ಅಂತ ಗೊತ್ತಾಗಲ್ವಾ?” ಒಂದು ಗೀಟಾದರೂ ಹಾಕೋಣ ಎಂದಳು ಅತ್ತಿಗೆ. ಅವನು ಅದೂ ಬೇಡವೆಂದ. ಆ ಖಾಲಿಯನ್ನು ಹಿಡಿದು ನಿಲ್ಲಿಸಿದ್ದು ಕಣ್ಣಿಗೆ ಕಾಣದ ಒಂದೇ ಒಂದು ಟ್ಯಾಬ್.

ಅತ್ತಿಗೆ ಊಟಕ್ಕೆ ಎದ್ದು ಹೋದ ಮೇಲೆ ಅದೇ ಮನುಷ್ಯನಿಗೆ ಔಷಧಿಯ ಹೆಸರು ಇನ್ನೂ ದಪ್ಪ ಆಗಬೇಕೆನ್ನಿಸಿತು. ಮುದ್ರಣಾಲಯದ ಯಜಮಾನರು ತಮ್ಮ ಕಂಪ್ಯೂಟರಿಗೆ ಪುಟದ ಪ್ರತಿ ತರಿಸಿಕೊಂಡು ತಾವೇ ಕೂತರು. ಹೆಸರು ದಪ್ಪವಾಯಿತು, ಕೆಳಗಿನ ಪಟ್ಟಿಗೆ ಜಾಗ ಸಾಲದೇ ಹೋಯಿತು. ಅವರು ಟ್ಯಾಬುಗಳನ್ನೆಲ್ಲ ಕಿತ್ತುಹಾಕಿ, ಅಕ್ಷರ ಸಣ್ಣದು ಮಾಡಿ, ಸ್ಪೇಸ್ ಒತ್ತೊತ್ತಿ ಕಣ್ಣಳತೆಯಲ್ಲಿ ಸಾಲು ಕೂರಿಸಿದರು. ಪರದೆಯ ಮೇಲೆ ಚೆನ್ನಾಗಿಯೇ ಕಂಡಿತು. ಅಚ್ಚಿನ ಪ್ಲೇಟ್ ಮಾಡುವ ಯಂತ್ರದಲ್ಲಿ ಆ ಅಕ್ಷರರೂಪದ ಫಾಂಟ್ ಇರಲಿಲ್ಲ. ಬೇರೊಂದು ಬಂದು ಕೂತಿತು, ಖಾಲಿ ಜಾಗ ಕುಗ್ಗಿತು, ಸಾಲು ಎಡಕ್ಕೆ ಜಾರಿತು. ಮಕ್ಕಳ ಅರ್ಧ ಚಮಚ ಕೂಸುಗಳ ಕೆಳಗೆ, ದೊಡ್ಡವರ ಎರಡು ಚಮಚ ಮಕ್ಕಳ ಕೆಳಗೆ. ದೊಡ್ಡವರ ಕೆಳಗೆ ಏನೂ ಇಲ್ಲ.

ಓಡಿಸುವ ಮುಂಚೆ ಇನ್ನೊಂದು ಪ್ರೂಫ್ ತೆಗೆಯಲೇ ಎಂದು ಮಸಿಮಾವ ಕೇಳಿದ್ದ. “ನಾನೇ ನೋಡಿದೀನಿ, ಓಡ್ಸಯ್ಯ,” ಎಂದಿದ್ದರು ಯಜಮಾನರು.

ಇದರಲ್ಲಿ ಗುಟ್ಟೇನೂ ಇಲ್ಲ. ಕೋಣೆಯಲ್ಲಿದ್ದವರೆಲ್ಲ ಕಣ್ಣಾರೆ ಕಂಡಿದ್ದರು. ಬಾಲಳೂ ಕಂಡಿದ್ದಳು. ಕಂಡವರೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಕೆಲಸ ಉಳಿಸಿಕೊಂಡಿದ್ದರು. ಅಂಗಡಿಗಳಲ್ಲಿ ಹಳೆಯ ಹಾಳೆ ತೆಗೆದು ಹೊಸದನ್ನು ಇಟ್ಟರು. ಹೊಸದರಲ್ಲೂ ಮೊದಲ ಅಂಕಣ ಖಾಲಿಯೇ.

ಮನೆಯಲ್ಲಿ ಅತ್ತಿಗೆ ಚಮಚಗಳನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಎಸೆದಿದ್ದಳು. ಅಣ್ಣ ಚಾಕುವಿನ ಹಿಡಿಯಿಂದ ಚಹಾ ಕಲಕುತ್ತಿದ್ದ.

“ನಾನೇ ಬಿಟ್ಟಿರ್ಬೇಕು ಕಣೆ,” ಎಂದಳು ಅತ್ತಿಗೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತ. “ಆ ಒಂದು ಟ್ಯಾಬು.”

“ನೀವು ಬಿಟ್ಟಿಲ್ಲ ಅತ್ತಿಗೆ. ಎಷ್ಟು ಸಲ ಹೇಳ್ಲಿ? ಅವರು ಕಿತ್ತಿದ್ದನ್ನ ನಾನು ನೋಡಿದೀನಿ.”

“ನನ್ನ ಸಮಾಧಾನಕ್ಕೆ ಹೇಳ್ತೀಯ. ನೋಡಿದ್ರೆ ಅಲ್ಲೇ ಹೇಳ್ತಿರ್ಲಿಲ್ವಾ ನೀನು?”

ಅತ್ತಿಗೆ ಬಾಲಳನ್ನು ಚುಚ್ಚಲೆಂದು ಆಡಿದ ಮಾತಲ್ಲ ಅದು. ನಂಬಿಯೇ ಆಡಿದ್ದಳು. ಜೈಲಿಗೆ ಹಾಕುವ ಮುಂಚೆಯೇ ತಾನು ಕೊಲೆಗಾತಿ ಎಂದು ಅತ್ತಿಗೆಯಿಂದ ಒಪ್ಪಿಸಿಬಿಟ್ಟಿದ್ದರು, ಅದೂ ಅವಳ ಬಾಯಿಂದಲೇ.

“ಒಂದು ಗೀಟು ಹಾಕ್ಬೋದಿತ್ತು,” ಎಂದಳು ಅತ್ತಿಗೆ ಪಾತ್ರೆಗೆ.

ಮಾರನೆಯ ದಿನ ಬೆಳಿಗ್ಗೆ ಯಜಮಾನರು ಬಾಲಳನ್ನು ಅತ್ತಿಗೆಯ ಕುರ್ಚಿಯಲ್ಲಿ ಕೂರಿಸಿ ಹಳೆಯ ಪುಟ ತೆರೆಸಿದರು. ಅತ್ತಿಗೆ ಜೋಡಿಸಿಟ್ಟಿದ್ದ ಮೂಲ ಪುಟ, ಇನ್ನೂ ಹಾಗೇ ಇತ್ತು. ಅಡಗಿದ ಗುರುತುಗಳನ್ನು ತೋರಿಸುವಂತೆ ಮಾಡಿದಾಗ ಒಂದೊಂದು ಟ್ಯಾಬೂ ಪುಟ್ಟ ಬಾಣವಾಗಿ ಕಂಡಿತು. ಎಲ್ಲವೂ ಸಾಲಾಗಿ, ಒಂದರ ಕೆಳಗೊಂದು.

“ನನಗೆ ಈ ಟ್ಯಾಬು ಗೀಬು ತಲೆಗೆ ಹತ್ತಲ್ಲ. ಅದಕ್ಕೇ ನಿನ್ನ ಕರೆದೆ,” ಎಂದರು ಯಜಮಾನರು. “ಆ ಖಾಲಿ ಜಾಗದ ಬಾಣ ಇದೆಯಲ್ಲ, ಅದೊಂದನ್ನ ತೆಗೆದು ಸೇವ್ ಮಾಡಿಬಿಡು. ಸಾಲು ತಾನಾಗೇ ಎಡಕ್ಕೆ ಬರುತ್ತೆ ತಾನೆ?”

“ಬರುತ್ತೆ.”

“ಅಷ್ಟೇ. ಮಧ್ಯಾಹ್ನ ತನಿಖೆಯವರು ಬಂದಾಗ ಇದನ್ನ ತೆರೆದು ತೋರಿಸು. ಬದಲಾಯಿಸಿದ ತಾರೀಕು ಗೀರೀಕು ಕಾಣದ ಹಾಗೆ ಕಂಪನಿ ಕಡೆಯವರು ನೋಡ್ಕೋತಾರೆ.”

“ಇದು ಸರಿಯಾಗೇ ಇತ್ತು. ನೀವೇ ಆಮೇಲೆ—”

“ಮಗಳಿದ್ದ ಹಾಗೆ ನೀನು, ಕೇಳು. ಒಂದು ಟ್ಯಾಬ್ ಬಿಟ್ಟುಹೋಯ್ತು ಅಂದ್ರೆ ಅದು ಕೈತಪ್ಪು. ನಿಮ್ಮತ್ತಿಗೆಗೆ ದೊಡ್ಡ ಶಿಕ್ಷೆ ಆಗಲ್ಲ, ವಕೀಲರೇ ಹೇಳಿದಾರೆ. ನನ್ನ ಮೇಲೆ ಬಂದ್ರೆ ಈ ಬಾಗಿಲು ಮುಚ್ಚುತ್ತೆ. ಆಗ ಇವರೆಲ್ಲ ಏನು ಗಾಳಿ ಕುಡಿದು ಬದುಕ್ತಾರಾ?”

ಆ ಕೆಲಸದವರೆಲ್ಲ ಬಾಗಿಲ ಬಳಿ ನಿಂತಿದ್ದರು. ಬಾಲ ತಿರುಗಿ ನೋಡಿದಳು. “ಮಾವ, ನೀವು ನೋಡಿದ್ರಲ್ಲ. ಪ್ರೂಫ್ ತೆಗೀಲಾ ಅಂತ ಕೇಳಿದ್ರಲ್ಲ.”

ಮಸಿಮಾವ ಕೈಯೊರೆಸುವ ಚಿಂದಿಯನ್ನು ಹಿಂಡಿದ. “ನನ್ನ ಕಣ್ಣಿಗೆ ಮಸಿ ಬಿದ್ದು ಯಾವ ಕಾಲ ಆಯ್ತೋ ಮಗ,” ಎಂದ. ತಮಾಷೆ ಮಾಡಲು ಹೋದ. ಆಮೇಲೆ ಮೆಲ್ಲಗೆ, “ಒತ್ತಿಬಿಡಮ್ಮ. ಹೇಗೂ ಅವಳ ತಲೆಗೆ ಕಟ್ಟಿಯಾಗಿದೆ,” ಎಂದ.

ಯಜಮಾನರು ಬಗ್ಗಿ, ಅವಳ ಬೆರಳನ್ನು ತಾವೇ ಹಿಡಿದು ಅಳಿಸುವ ಗುಂಡಿಯ ಮೇಲೆ ಇಟ್ಟರು. ಮಗುವಿಗೆ ಅಕ್ಷರ ತಿದ್ದಿಸುವವರ ಹಾಗೆ.

ಬಾಲ ಬೆರಳು ಬಿಡಿಸಿಕೊಂಡಳು. ಎರಡೂ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

“ತೆಗೆಯಲ್ಲ.”

“ಏನಂದೆ?”

“ಟ್ಯಾಬ್ ತೆಗೆಯಲ್ಲ ಅಂದೆ. ಅವರು ಬರೋವರೆಗೂ ಈ ಕುರ್ಚಿ ಬಿಟ್ಟು ಏಳೋದೂ ಇಲ್ಲ.”