ದೋಣಿಕಟ್ಟೆಯ ಪಾಯಿಖಾನೆಯಲ್ಲಿ ಸುರಿದದ್ದು

ವ್ಯಾನಿನಲ್ಲಿ ಊರೂರು ತಿರುಗುವ ಗಂಡಹೆಂಡಿರ ಜಗಳಕ್ಕೆ ಕಾರಣಗಳು ನೂರಿರಬಹುದು, ಆದರೆ ಕೆಂಪು ದೀಪ ಹೊತ್ತಿಸುವಷ್ಟು ಜಗಳ ಬೇರೆ ಯಾವುದೂ ಹೊತ್ತಿಸುವುದಿಲ್ಲ. ಅಡುಗೆಮನೆ, ಹಾಸಿಗೆ, ಪಾಯಿಖಾನೆ ಎಲ್ಲ ಒಳಗೇ ಇರುವ ಗಾಡಿ ನೋಡುವುದಕ್ಕೇನೋ ಚೆಂದ. ಪಾಯಿಖಾನೆಯ ಕೆಳಗೆ ಒಂದು ಡಬ್ಬಿ ಇರುತ್ತದೆ. ಅದು ತುಂಬಿದಾಗ ಈ ದೀಪ ಹೊತ್ತುತ್ತದೆ. ತುಂಬಿದ್ದನ್ನು ಎಲ್ಲಾದರೂ ಸುರಿಯಲೇಬೇಕು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ.

ಡೆಸ್‌ನ ಹೆಂಡತಿ ಗ್ಲೆನಿಸ್ ಆ ದೀಪ ನೋಡಿದ್ದು ಗ್ಯಾನೆಟ್ ಕ್ರೀಕಿನ ದಾರಿಯಲ್ಲಿ, ಚಹಾಕ್ಕೆಂದು ಗಾಡಿ ನಿಲ್ಲಿಸಿದಾಗ. ಈಸ್ಟರ್ ಹಬ್ಬ ಹತ್ತಿರ ಬಂದಿತ್ತು.

"ಡೆಸ್, ಡಬ್ಬಿ ತುಂಬಿದೆ."

"ತುಂಬ್ಲಿ ಬಿಡು. ದೀಪ ಹತ್ತಿದ ಮೇಲೂ ಒಂದೆರಡು ಸಲಕ್ಕೆ ಜಾಗ ಇರುತ್ತೆ."

"ನಿನ್ನ ಒಂದೆರಡು ಸಲ ನಂಗೊತ್ತು. ಹಿಂದಿನ ಊರಲ್ಲಿ ಡಂಪ್ ಪಾಯಿಂಟ್ ಇತ್ತಲ್ಲ, ಮೈದಾನದ ಪಕ್ಕ. ತಿರುಗಿಸು ಗಾಡಿ."

ಡಂಪ್ ಪಾಯಿಂಟ್ ಎಂದರೆ ಇಂಥ ಡಬ್ಬಿಗಳನ್ನು ಸುರಿಯಲೆಂದೇ ಊರಿನವರು ಕಟ್ಟಿಸಿರುವ ಜಾಗ. ಬೆಳಿಗ್ಗೆ ಅದರ ಮುಂದೆಯೇ ಹಾದು ಬಂದಿದ್ದರು. ನಾಲ್ಕಾರು ವ್ಯಾನುಗಳು ಸಾಲಾಗಿ ನಿಂತಿದ್ದವು ಎಂದು ಡೆಸ್ ನಿಲ್ಲಿಸಿರಲಿಲ್ಲ.

ಡೆಸ್ ಆಸ್ಟ್ರೇಲಿಯಾದ ಬೆಂಡಿಗೋದಲ್ಲಿ ಜೀವಮಾನವೆಲ್ಲ ಸಿಟಿ ಬಸ್ಸು ಓಡಿಸಿದವನು. ದಾಟಿ ಬಂದ ಸ್ಟಾಪಿಗೆ ಹಿಂದಿರುಗುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಒಮ್ಮೆ ಗ್ಲೆನಿಸಳ ಕನ್ನಡಕ ಪೆಟ್ರೋಲ್ ಬಂಕಿನಲ್ಲಿ ಉಳಿದಾಗಲೂ ಅವನು ಗಾಡಿ ತಿರುಗಿಸದೆ ಮುಂದಿನ ಊರಿನಲ್ಲಿ ಹೊಸದೇ ಕೊಡಿಸಿದ್ದ.

"ಬಸ್ಸು ಹಿಂದಕ್ಕೆ ಬರಲ್ಲ ಕಣೆ. ಮುಂದೆ ಇನ್ನೊಂದು ಸಿಗುತ್ತೆ."

"ಮುಂದೆ ಇರೋದು ಗ್ಯಾನೆಟ್ ಕ್ರೀಕ್. ಅಲ್ಲಿ ಡಂಪ್ ಪಾಯಿಂಟ್ ಇಲ್ಲ ಅಂತ ನಿಂಗೂ ಗೊತ್ತು."

"ದೋಣಿಕಟ್ಟೆ ಹತ್ರ ಕಕ್ಕಸಿದೆಯಲ್ಲ. ಕಕ್ಕಸು ಅಂದ್ರೆ ಕಕ್ಕಸೇ. ಜನ ಅದರೊಳಗೇನು ಪಾಯಸ ಸುರೀತಾರಾ?"

ಗ್ಲೆನಿಸ್ ನಕ್ಕುಬಿಟ್ಟಳು. ಆಮೇಲೆ ಎಷ್ಟೋ ದಿನ ಅವಳನ್ನು ಚುಚ್ಚಿದ್ದು ಆ ನಗುವೇ. ಬೈಯಬೇಕಾದ ಕಡೆ ನಕ್ಕವಳು ತಾನು, ಎಂದು.

ಗ್ಯಾನೆಟ್ ಕ್ರೀಕ್ ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿ ಒಂದು ಹುಲ್ಲು ಬಯಲಿದೆ. ವ್ಯಾನಿನವರು ಪುಕ್ಕಟೆಯಾಗಿ ತಂಗಲಿ ಎಂದು ಊರಾಡಳಿತದ ಕೌನ್ಸಿಲ್ ಅದನ್ನು ಬಿಟ್ಟುಕೊಟ್ಟಿತ್ತು. ಬಿಡಬಾರದು ಎಂದು ಊರಿನಲ್ಲಿ ಗೊಣಗುವವರೂ ಇದ್ದರು. ಅವರ ಬಾಯಿ ಮುಚ್ಚಿಸುತ್ತಿದ್ದವಳು ನೊಯೆಲೀನ್. ಅಳಿವೆಯಲ್ಲಿ ಕಂಬ ನೆಟ್ಟು, ತಟ್ಟೆಗಳಲ್ಲಿ ಸಿಂಪಿ ಸಾಕುತ್ತಿದ್ದ ಹೆಂಗಸು. ಗಂಡ ತೀರಿಕೊಂಡ ಮೇಲೂ ಚಪ್ಪಟೆ ದೋಣಿ ತಾನೇ ನಡೆಸುತ್ತಿದ್ದಳು. ಡೆಸ್ ಮತ್ತು ಗ್ಲೆನಿಸ್ ಬಂದ ದಿನ ಸಂಜೆ, ಪ್ರತಿ ವರ್ಷವೂ ತಪ್ಪದೆ, ಒದ್ದೆ ಗೋಣಿಯಲ್ಲಿ ಸಿಂಪಿ ತಂದು ವ್ಯಾನಿನ ಮೆಟ್ಟಿಲ ಮೇಲೆ ಇಳಿಸುತ್ತಿದ್ದಳು. ಈ ಸಲವೂ ತಂದಳು. ನಿಂಬೆಹಣ್ಣು ಹಿಂಡಿ, ಮೂವರೂ ಅಲ್ಲೇ ಕುಳಿತು ಹಸಿಹಸಿಯಾಗಿ ತಿಂದರು.

"ಈ ಸಲ ಹೇಗಿದೆ ಬೆಳೆ?" ಎಂದು ಗ್ಲೆನಿಸ್ ಕೇಳಿದಳು.

"ನೋಡ್ತಿದೀಯಲ್ಲ, ಬೆಣ್ಣೆ ಥರ ಆಗಿವೆ. ಹೋದ ಎರಡು ವರ್ಷ ನೆರೆ ಬಂದು ಕೆಸರು ಕುಡಿದು ಸತ್ತವು. ಈ ಈಸ್ಟರ್‌ಗೆ ಮಾರಿದ್ರೆ ಕಂಬ ಉಳಿಯುತ್ತೆ, ಇಲ್ಲದಿದ್ರೆ ಎಲ್ಲ ಕಿತ್ತು ಮಗಳ ಮನೆ ಸೇರೋದೇ. ಅಲ್ಲಿ ನನ್ನ ಕೈಲಿ ಏನು ಮಾಡಿಸ್ತಾಳೋ, ಗಿಡಕ್ಕೆ ನೀರು ಹಾಕಿಸ್ತಾಳೇನೋ."

ಈಸ್ಟರಿಗೆ ಮುಂಚಿನ ಶುಭ ಶುಕ್ರವಾರ ನಮ್ಮ ಕಡೆ ಮಾಂಸ ಮುಟ್ಟುವುದಿಲ್ಲ, ಎಲ್ಲರೂ ಮೀನು, ಸಿಂಪಿಗೆ ಸಾಲು ನಿಲ್ಲುತ್ತಾರೆ. ವರ್ಷದ ದುಡಿಮೆ ಆ ಒಂದು ವಾರದಲ್ಲಿ ಕೈಗೆ ಬರಬೇಕು.

ಮರುದಿನ ಬೆಳಕು ಹರಿಯುವ ಹೊತ್ತಿಗೆ, ಗಾಳ ಹಾಕುವವರು ಬರುವ ಮುನ್ನ, ಡೆಸ್ ಡಬ್ಬಿಯನ್ನು ಚಕ್ರದ ಮೇಲೆ ಉರುಳಿಸಿಕೊಂಡು ದೋಣಿಕಟ್ಟೆಯ ಪಾಯಿಖಾನೆಗೆ ಹೋದ. "ಯಾರಾದ್ರೂ ಬಂದ್ರೆ ಕೆಮ್ಮು" ಎಂದು ಹೆಂಡತಿಯನ್ನು ಬಾಗಿಲಲ್ಲಿ ನಿಲ್ಲಿಸಿದ. ಯಾರೂ ಬರಲಿಲ್ಲ. ಒಳಗೆ ಗಳಗಳ ಸುರಿಯುವ ಸದ್ದು ಕೇಳಿಸಿತು. ವಾಸನೆ ಬಾರದಿರಲೆಂದು ಡಬ್ಬಿಗೆ ಹಾಕುವ ನೀಲಿ ಔಷಧಿ ಅಂಚಿಗೆಲ್ಲ ಸಿಡಿದಿತ್ತು. ಅದನ್ನು ಕಾಗದದಿಂದ ಒರೆಸಿ, ಡೆಸ್ ಸಿಳ್ಳೆ ಹಾಕುತ್ತ ಹೊರಬಂದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಅಷ್ಟಕ್ಕೇ ನಿಂತಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಅಷ್ಟಕ್ಕೆ ನಿಲ್ಲಲಿಲ್ಲ. ಹಬ್ಬ ಹತ್ತಿರವಾದಂತೆ ಬಯಲಿಗೆ ವ್ಯಾನುಗಳು ಬಂದು ಸೇರಿದವು. ಹೊಸಬರು ಹಳಬನಾದ ಡೆಸ್‌ನನ್ನೇ ಕೇಳಿದರು, "ಇಲ್ಲಿ ಡಬ್ಬಿ ಎಲ್ಲಿ ಖಾಲಿ ಮಾಡೋದು ಯಜಮಾನ್ರೇ?" ಅವನು ಗದ್ದ ಎತ್ತಿ ದೋಣಿಕಟ್ಟೆಯ ಕಡೆ ತೋರಿಸಿದ. ಒಬ್ಬನಿಗೆ ತೋರಿಸಿದ್ದು ಇನ್ನೊಬ್ಬನಿಗೆ ತಲುಪಿತು. ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತಾರಲ್ಲ, ಇದು ಎಂಥ ಹಳ್ಳ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅವನೂ ಇನ್ನೊಂದು ಸಲ ಸುರಿದು ಬಂದ.

ಹಬ್ಬದ ಹಿಂದಿನ ವಾರ ಪಾಯಿಖಾನೆಯ ಹಿಂದಿನ ಹುಲ್ಲು ಒದ್ದೆಯಾಯಿತು. ಮಳೆ ಬಂದಿರಲಿಲ್ಲ, ಆದರೂ ಕಾಲಿಟ್ಟರೆ ಪಿಚಕ್ಕೆನ್ನುತ್ತಿತ್ತು. ನಾರುತ್ತಿತ್ತು. ಆ ನೀರು ಇಳಿಜಾರು ಹಿಡಿದು ಅಳಿವೆ ಸೇರುತ್ತಿತ್ತು. ಕೌನ್ಸಿಲ್‌ನವರು ಬಂದು ಯಾರೂ ಕಾಲಿಡದಂತೆ ಹಗ್ಗ ಕಟ್ಟಿದರು. ಅಳಿವೆಯ ನೀರನ್ನೂ ಸಿಂಪಿಯನ್ನೂ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನವೇ ಅಪ್ಪಣೆಯೂ ಬಂತು: ನೀರು ಶುದ್ಧವಾಗುವ ತನಕ ಗ್ಯಾನೆಟ್ ಕ್ರೀಕಿನಿಂದ ಒಂದು ಸಿಂಪಿಯನ್ನೂ ಎತ್ತಕೂಡದು.

ಅಂದು ಸಂಜೆ ನೊಯೆಲೀನ್ ಬರಿಗೈಯಲ್ಲಿ ವ್ಯಾನಿಗೆ ಬಂದಳು. ಗ್ಲೆನಿಸ್ ಚಹಾ ಕೊಟ್ಟಳು. ಅವಳು ಅದನ್ನು ಕೈಯಲ್ಲಿ ಹಿಡಿದೇ ಕುಳಿತಳು.

ಡೆಸ್ ಗಂಟಲು ಸರಿ ಮಾಡಿಕೊಂಡ. "ಹಬ್ಬದ ಜನ ಜಾಸ್ತಿ ಅಲ್ವಾ, ಗುಂಡಿ ತುಂಬಿರಬೇಕು."

"ಪ್ರತಿ ವರ್ಷವೂ ಜನ ಬರ್ತಾರೆ ಡೆಸ್. ಗುಂಡಿ ಸತ್ತಿದೆ ಅಂದ್ರು."

"ಸತ್ತಿದೆ ಅಂದ್ರೆ? ಗುಂಡಿಗೇನು ಜೀವ ಇರುತ್ತಾ?"

"ಇರುತ್ತಪ್ಪ. ಇದು ಪಟ್ಟಣದ ಚರಂಡಿ ಅಲ್ಲ, ಮಣ್ಣೊಳಗಿರೋ ಸೆಪ್ಟಿಕ್ ಟ್ಯಾಂಕು. ಅದರೊಳಗೆ ಕಣ್ಣಿಗೆ ಕಾಣದ ಹುಳಗಳಿರ್ತವೆ, ಹೊಲಸನ್ನೆಲ್ಲ ಅವೇ ತಿಂದು ಕರಗಿಸ್ತವೆ. ಈ ವ್ಯಾನಿನ ನೀಲಿ ಔಷಧಿ ಇದೆಯಲ್ಲ, ಅದು ಹುಳ ಸಾಯಿಸೋಕೆ ಅಂತಲೇ ಮಾಡಿದ್ದು. ಹುಳ ಸತ್ರೆ ಹೊಲಸು ಹಾಗೇ ಉಳಿಯುತ್ತೆ, ಮಣ್ಣು ಕಟ್ಟಿಕೊಳ್ಳುತ್ತೆ, ಮೇಲೆ ಉಕ್ಕುತ್ತೆ."

"ಒಂದು ಡಬ್ಬಿಯಿಂದ ಅಷ್ಟೆಲ್ಲ ಆಗುತ್ತಾ?"

"ಒಂದೇ ಡಬ್ಬಿ ಅಂತ ಯಾರಿಗೆ ಗೊತ್ತು? ಪ್ರತಿಯೊಬ್ಬನೂ ನಂದೊಂದೇ ಅಂದ್ಕೊಂಡು ಸುರೀತಾನೆ. ಒಬ್ಬೊಬ್ಬನ ಡಬ್ಬೀಲಿ ಎಷ್ಟೋ ದಿನದ ಸರಕಿರುತ್ತೆ." ಅವಳು ಚಹಾದ ಲೋಟ ಕೆಳಗಿಟ್ಟಳು. "ಸಿಂಪಿ ದಿನವಿಡೀ ನೀರು ಹೀರಿ ಸೋಸ್ತಾ ಇರುತ್ತೆ. ನೀರಲ್ಲಿದ್ದದ್ದೆಲ್ಲ ಅದರ ಹೊಟ್ಟೇಲಿ. ಜನ ಹಸೀದೇ ತಿಂತಾರೆ. ಯಾವುದೋ ಮಗು ಹಾಸಿಗೆ ಹಿಡಿದ್ರೆ? ನಿಲ್ಲಿಸಿದ್ದು ತಪ್ಪು ಅಂತ ನಾನು ಹೇಳಲ್ಲ."

ಗ್ಲೆನಿಸ್ ಆ ಲೋಟ ಎತ್ತಿಕೊಂಡಳು. ಈಗ ಹೇಳಬೇಕು ಎಂದುಕೊಂಡಳು, ಆದರೆ ಲೋಟ ತೊಳೆಯಲು ತಿರುಗಿದಳು.

"ವ್ಯಾನಿನವರನ್ನೆಲ್ಲ ಓಡಿಸಿ ಅಂತ ಊರವರು ಪಟ್ಟು ಹಿಡಿದು ಕೂತಿದ್ದಾರೆ" ಎಂದಳು ನೊಯೆಲೀನ್. "ಸಂಜೆ ಹೊತ್ತು ನೀವೆಲ್ಲ ಒಟ್ಟಿಗೆ ಕೂತು ಮಾತಾಡ್ತೀರಲ್ಲ. ಯಾರು ಅಂತ ಕಿವಿಗೆ ಬಿದ್ರೆ ನಂಗೆ ಹೇಳು ಗ್ಲೆನಿಸ್. ಜಗಳಕ್ಕಲ್ಲ. ಯಾವ ಔಷಧಿ, ಎಷ್ಟು ಬಿತ್ತು ಅಂತ ಗೊತ್ತಾದ್ರೆ ಗುಂಡಿ ಬೇಗ ಸರಿ ಮಾಡ್ತಾರಂತೆ."

ಅವಳು ಹೋದ ಮೇಲೆ ಗಂಡಹೆಂಡತಿ ಎದುರುಬದುರು ಕುಳಿತರು.

"ಹೇಳೋಣ" ಎಂದಳು ಗ್ಲೆನಿಸ್.

"ಹೇಳಿದ್ರೆ ಸಿಂಪಿ ಶುದ್ಧ ಆಗುತ್ತಾ? ಎಲ್ಲರೂ ಸುರಿದಿದ್ದಾರೆ, ನಾವೊಬ್ರೇ ಯಾಕೆ ತಲೆ ಕೊಡಬೇಕು?"

"ಎಲ್ಲರಿಗೂ ದಾರಿ ತೋರಿಸಿದ್ದು ಯಾರು ಮಹರಾಯ?"

ಡೆಸ್ ಎದ್ದು ಹಾಸಿಗೆ ಬಿಡಿಸತೊಡಗಿದ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದ ಹಾಗೆ, ತಮ್ಮ ಸೋಮಾರಿತನದ ಬರೆ ನೊಯೆಲೀನಳ ಬೆನ್ನಿಗೆ ಬಿದ್ದಿದೆ ಎಂಬುದು ಅವನಿಗೂ ಗೊತ್ತಿತ್ತು. ಆದರೆ ಒಪ್ಪಿಕೊಂಡು ಅಭ್ಯಾಸವಿರಲಿಲ್ಲ.

ಬೆಳಿಗ್ಗೆ ಗ್ಲೆನಿಸ್ ಒಬ್ಬಳೇ ನೊಯೆಲೀನಳ ಶೆಡ್ಡಿಗೆ ನಡೆದಳು. ಹಬ್ಬದ ವಾರ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಅಂದು ಖಾಲಿ ಪೆಟ್ಟಿಗೆಗಳನ್ನು ಗೋಡೆಗೆ ಒರಗಿಸಿಟ್ಟು, ನೊಯೆಲೀನ್ ನೆಲ ತೊಳೆಯುತ್ತಿದ್ದಳು. ತೊಳೆಯಲು ಏನೂ ಇರಲಿಲ್ಲ.

"ನಾವೇ ಸುರಿದದ್ದು" ಎಂದಳು ಗ್ಲೆನಿಸ್. "ಡೆಸ್ ಸುರಿದ, ನಾನು ಬಾಗಿಲು ಕಾದೆ. ಎರಡು ಸಲ. ಬೇರೆಯವರಿಗೂ ನಾವೇ ತೋರಿಸಿದ್ವಿ."

ನೊಯೆಲೀನ್ ನಲ್ಲಿ ನಿಲ್ಲಿಸಿದಳು. ಬೈಯುತ್ತಾಳೆ ಎಂದು ಗ್ಲೆನಿಸ್ ಕಾದಳು. ಬೈದಿದ್ದರೆ ಒಳ್ಳೆಯದಿತ್ತು.

"ಮೊನ್ನೆ ಊರಿನ ಸಭೇಲಿ ಯಾರೋ ನಿಮ್ಮ ಹೆಸರು ಎತ್ತಿದ್ರು" ಎಂದಳು ನೊಯೆಲೀನ್ ಮೆಲ್ಲಗೆ. "ನಾನು ಎದ್ದು ನಿಂತು ಹೇಳ್ದೆ. ಯಾರ ಮೇಲಾದ್ರೂ ಅನುಮಾನ ಪಡಿ, ಆ ಇಬ್ಬರ ಮೇಲೆ ಮಾತ್ರ ಬೇಡ, ಅವರು ನನ್ನ ಮನೆಯವರಿದ್ದ ಹಾಗೆ ಅಂತ."

ಗ್ಲೆನಿಸ್ ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕುಸಿದು ಅತ್ತಳು. ಅಷ್ಟರಲ್ಲಿ ಡೆಸ್ ಬಾಗಿಲಿಗೆ ಬಂದು ನಿಂತಿದ್ದ. ಟೋಪಿ ಕೈಯಲ್ಲಿತ್ತು, ಕಂಕುಳಲ್ಲಿ ನೀಲಿ ಔಷಧಿಯ ಬಾಟಲಿ.

"ಇದೇ ಔಷಧಿ" ಎಂದ. "ನನ್ನ ತಪ್ಪು ನೊಯೆಲೀನ್. ಕೌನ್ಸಿಲ್‌ಗೆ ಹೋಗಿ ಹೇಳ್ತೀನಿ."

"ಹೋಗು. ಈಗಲೇ ಹೋಗು. ಇನ್ನೂ ತಡ ಮಾಡಬೇಡ."

ಅವನು ಹೋದ. ಬಯಲಿನ ಬೇರೆ ವ್ಯಾನುಗಳಿಗೂ ಹೋಗಿ, ಬಾಗಿಲು ತಟ್ಟಿ, ಯಾರು ಎಷ್ಟು ಸುರಿದರು ಎಂದು ಕೇಳಿ ತಿಳಿಸಿದ. ಕೆಲವರು ಬೈದರು, ಕೆಲವರು ಜೊತೆಗೆ ಬಂದರು. ಕೌನ್ಸಿಲ್‌ನವರು ಟ್ಯಾಂಕಿಯನ್ನು ಬರಿದು ಮಾಡಿಸಿ ಸರಿಪಡಿಸಿದರು. ಅಳಿವೆ ತನ್ನಷ್ಟಕ್ಕೆ ತಾನು ಶುದ್ಧವಾಗುವ ಹೊತ್ತಿಗೆ ಈಸ್ಟರ್ ಕಳೆದುಹೋಗಿತ್ತು. ಹಬ್ಬ ಯಾರಿಗೂ ಕಾಯುವುದಿಲ್ಲ. ಚಳಿಗಾಲಕ್ಕೆ ಮುಂಚೆಯೇ ನೊಯೆಲೀನ್ ಅಳಿವೆಯಲ್ಲಿ ಸಿಂಪಿ ಸಾಕುವ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಮಗಳ ಊರಿಗೆ ಹೋದಳು. ಹುಲ್ಲು ಬಯಲಿಗೆ ಕೌನ್ಸಿಲ್ ಗೇಟು ಹಾಕಿ ಬೀಗ ಜಡಿಯಿತು.

ಈಗ ಡೆಸ್ ಬದಲಾಗಿದ್ದಾನೆ. ಕೆಟ್ಟ ಮೇಲೆ ಬಂದ ಬುದ್ಧಿ, ಆದರೂ ಬಂದಿದೆ. ಬೆಳಿಗ್ಗೆ ಗಾಡಿ ಹೊರಡಿಸುವ ಮುನ್ನ, ಹೋಗುವ ದಾರಿಯಲ್ಲಿ ಡಂಪ್ ಪಾಯಿಂಟ್ ಎಲ್ಲಿದೆ ಎಂದು ಫೋನಿನಲ್ಲಿ ನೋಡುತ್ತಾನೆ. ಸಣ್ಣ ಕರಾವಳಿ ಊರುಗಳಲ್ಲಿ ಇರುವುದಿಲ್ಲ ಎಂದು ಒಳನಾಡಿನಲ್ಲೇ ಡಬ್ಬಿ ಖಾಲಿ ಮಾಡಿಕೊಂಡು ಕಡಲಿಗೆ ಇಳಿಯುತ್ತಾನೆ. ಹೋದ ತಿಂಗಳು ಒಂದು ಕಡೆ ಡಂಪ್ ಪಾಯಿಂಟಿಗೆ ಬೀಗ ಹಾಕಿತ್ತು. ಮಾತಿಲ್ಲದೆ ಗಾಡಿ ತಿರುಗಿಸಿ ಹಿಂದಿನ ಊರಿಗೆ ಹೋದ. ಗ್ಲೆನಿಸ್ ಕಿಟಕಿಯಾಚೆ ನೋಡುತ್ತ ಕುಳಿತಿದ್ದಳು. ಆ ದಿನವೇ ಹೀಗೆ ತಿರುಗಿಸಿದ್ದರೆ, ಎಂದು ಇಬ್ಬರೂ ಮನಸ್ಸಿನಲ್ಲೇ ಅಂದುಕೊಂಡರು.

ನೊಯೆಲೀನ್ ಫೋನ್ ಮಾಡಿದರೆ ಎತ್ತುತ್ತಾಳೆ. ಆರೋಗ್ಯ ವಿಚಾರಿಸುತ್ತಾಳೆ, ಮೊಮ್ಮಕ್ಕಳ ಸುದ್ದಿ ಹೇಳುತ್ತಾಳೆ. ಯಾವಾಗ ಬರುತ್ತೀರಿ ಎಂದು ಮಾತ್ರ ಕೇಳುವುದಿಲ್ಲ.

ವ್ಯಾನಿನಲ್ಲಿ ಕಡಲ ದಂಡೆ ತಿರುಗುವ ಗೆಳೆಯರೇ, ನಿಮಗೆ ಈ ಸಂಕಟ ಬೇಡ. ಹೊರಡುವ ಮುನ್ನವೇ ಡಂಪ್ ಪಾಯಿಂಟ್ ಎಲ್ಲಿದೆ ಎಂದು ತಿಳಿದುಕೊಳ್ಳಿ. ಫೋನಿನಲ್ಲಿ ಸಿಗದಿದ್ದರೆ ಪ್ರವಾಸಿ ಮಾಹಿತಿ ಕಚೇರಿಯಲ್ಲಿ, ವ್ಯಾನ್ ಪಾರ್ಕಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ ಕೇಳಿ. ಕೇಳಲು ನಾಚಿಕೆ ಬೇಡ, ತಿನ್ನುವವರೆಲ್ಲರಿಗೂ ಇದೇ ಕೆಲಸ. ಕೆಂಪು ದೀಪ ಹೊತ್ತುವ ತನಕ ಕಾಯದೆ, ಅರ್ಧ ತುಂಬಿದಾಗಲೇ ಖಾಲಿ ಮಾಡಿ. ದೂರದ ದಾರಿಯಾದರೆ ಇನ್ನೊಂದು ಡಬ್ಬಿ ಜೊತೆಗಿರಲಿ. ದಂಡೆಯ ಪಾಯಿಖಾನೆ, ಮಳೆನೀರಿನ ಮೋರಿ, ಪೊದೆ, ಮರಳು, ಇವು ಯಾವುವೂ ಡಬ್ಬಿ ಸುರಿಯುವ ಜಾಗವಲ್ಲ. ಗೊತ್ತಿಲ್ಲದೆ ಸುರಿದಿದ್ದರೆ ಬಾಯಿ ಮುಚ್ಚಿಕೊಂಡಿರಬೇಡಿ, ಕೂಡಲೇ ಕೌನ್ಸಿಲ್‌ಗೆ ತಿಳಿಸಿ. ಒಂದು ದಿನ ಮೊದಲು ಹೇಳಿದರೆ ಒಂದು ದಿನ ಮೊದಲು ನೀರು ಉಳಿಯುತ್ತದೆ.

ನೀವು ಇಂದು ತಂಗುವ ದಂಡೆಯ ನೀರಿನೊಳಗೆ ಯಾರದೋ ಅನ್ನ ಬೆಳೆಯುತ್ತಿದೆ. ಡಬ್ಬಿಯ ಮುಚ್ಚಳ ತೆಗೆಯುವ ಮುನ್ನ ಅವರನ್ನೊಮ್ಮೆ ನೆನೆಯಿರಿ.