ಡೇರಿ ಮೈಕಿನ ದೊಡ್ಡ ಕೂಗು

ನಾನು ಒಂದು ಮೈಕು. ಹುಟ್ಟಿದ್ದು ದೆಹಲಿಯ ಯಾವುದೋ ಕಾರ್ಖಾನೆಯಲ್ಲಿ. ಬಾಯಿ ಬಿಟ್ಟದ್ದು ಮಾತ್ರ ಮಂಡ್ಯದ ಕಡೆ. ಮೊದಲ ಯಜಮಾನ ಶಾಮಿಯಾನದ ಕೆಂಪಣ್ಣ. ಮದುವೆಮನೆಗಳಲ್ಲಿ ನನ್ನ ತಲೆಗೆ ತಟ್ಟಿ "ಹಲೋ, ಹಲೋ" ಅನ್ನದವರೇ ಇಲ್ಲ. ತಟ್ಟಿಸಿಕೊಂಡು ತಟ್ಟಿಸಿಕೊಂಡು ತಲೆ ಚಪ್ಪಟೆಯಾದ ಮೇಲೆ ಅವನು ನನ್ನನ್ನು ಊರಿನ ಮಹಿಳಾ ಹಾಲಿನ ಡೇರಿಗೆ ಕೊಟ್ಟ.

ಡೇರಿಯಲ್ಲಿ ಸುಖವೋ ಸುಖ! ಹಾಲಿನ ಹೊತ್ತು, ಹಿಂಡಿ ಬಂದ ಸುದ್ದಿ, ಕಳುವಾದ ಎಮ್ಮೆ, ಎಲ್ಲವೂ ನನ್ನ ಬಾಯಿಂದಲೇ ಊರಿಗೆ ತಿಳಿಯಬೇಕು. ಕೂಗಿಸುವವಳು ಕಾರ್ಯದರ್ಶಿ ತುಳಸಿ. ಅವಳ ದನಿ ನನ್ನೊಳಗೆ ಹಾದುಹೋದರೆ ನನಗೇ ಹೆಮ್ಮೆ.

ಒಂದು ಮಧ್ಯಾಹ್ನ ಆ ತುಳಸಿ ಅಳುತ್ತ ಕೂತಿದ್ದಳು. ಅವಳು ಬೇಡವೆಂದು ಮುರಿದುಕೊಂಡಿದ್ದ ಸಂಬಂಧದ ಗಂಡು, ನಟೇಶ, ಬೆನ್ನು ಬಿದ್ದಿದ್ದ. ನಂಬಿದ್ದ ದಿನಗಳಲ್ಲಿ ಅವನೊಬ್ಬನಿಗೇ ಎಂದು ಕಳಿಸಿದ್ದ ಬೆತ್ತಲೆ ಫೋಟೊ ಅವನ ಬಳಿ ಇತ್ತು. ಸಂಜೆಯೊಳಗೆ ಮದುವೆಗೆ ಹ್ಞೂಂ ಅನ್ನಬೇಕು, ಇಲ್ಲವಾದರೆ ಡೇರಿಯ ಹೆಂಗಸರೆಲ್ಲರ ಮೊಬೈಲಿಗೂ ಅದು ಹೋಗುತ್ತದಂತೆ. ಎಂಥ ಗಂಡಸು ನೋಡಿ! ಊರು ಛೀ ಅಂದರೆ ಡೇರಿಯನ್ನೂ ಊರನ್ನೂ ಬಿಡಬೇಕಲ್ಲ ಎಂದು ಅವಳು ಹಾಲು ಹಾಕುವ ನಿಂಗಾಜಮ್ಮನ ಮುಂದೆ ತೋಡಿಕೊಂಡಳು.

"ಎಮ್ಮೆ ಕಳುವಾದ್ರೆ ಕಳಕೊಂಡೋರು ತಲೆ ತಗ್ಗಿಸ್ತಾರೇನವ್ವ? ಕೂಗಿ ಹೇಳ್ತಾರೆ. ಕದ್ದೋನು ತಗ್ಗಿಸ್ಲಿ!" ಅಂದಳು ನಿಂಗಾಜಮ್ಮ.

ತುಳಸಿ ಕಣ್ಣೊರೆಸಿಕೊಂಡು ನನ್ನನ್ನು ಎತ್ತಿಕೊಂಡಳು. ಸ್ವಿಚ್ಚು ಒತ್ತಿದಳು.

"ಅಕ್ಕಂದಿರೇ, ಅಮ್ಮಂದಿರೇ, ನಟೇಶ ಅನ್ನೋನು ನಂದೊಂದು ಫೋಟೊ ಇಟ್ಕೊಂಡು ಹೆದರಿಸ್ತಾವ್ನೆ. ಫೋಟೊ ನಂದೇ, ತಪ್ಪು ನಂದಲ್ಲ. ನಿಮ್ ಫೋನಿಗೆ ಬಂದ್ರೆ ನೋಡ್ಬೇಡಿ, ಯಾರಿಗೂ ಕಳಿಸ್ಬೇಡಿ, ಡಿಲೀಟ್ ಮಾಡ್ಬುಡಿ. ನಾನು ಕಂಪ್ಲೇಂಟ್ ಕೊಡ್ತೀನಿ!"

ನನ್ನ ಜನ್ಮದಲ್ಲೇ ಅಂಥ ಮಾತು ಕೂಗಿರಲಿಲ್ಲ. ಕಬ್ಬಿನ ಗದ್ದೆಯಾಚೆಗೂ ಕೇಳಿಸಿತು. ಆದರೂ ಸೊಕ್ಕಿನ ನಟೇಶ ಕಳಿಸಿಯೇ ಬಿಟ್ಟ. ನಮ್ಮ ಹೆಂಗಸರೋ, ಹೇಳಿದ್ದಕ್ಕಿಂತ ಒಂದು ಕೈ ಮುಂದೆ. ಬಂದದ್ದೇ ತಡ, ಎಲ್ಲರೂ ಅಳಿಸಿದರು!

ಎಡವಟ್ಟಾದದ್ದು ಅಲ್ಲೇ. "ಅವನೇ ಕಳಿಸಿದ ಅನ್ನೋದಕ್ಕೆ ಸಾಕ್ಷಿ ಎಲ್ಲಮ್ಮ?" ಎಂದರು ಸೈಬರ್ ಠಾಣೆಯ ಮಹಿಳಾ ಇನ್ಸ್‌ಪೆಕ್ಟರ್. ಬೆದರಿಕೆಯ ಮೆಸೇಜುಗಳನ್ನು ತುಳಸಿ ಭಯದಲ್ಲಿ ಮೊದಲೇ ಅಳಿಸಿದ್ದಳು. ಅವಳು ಓಡಿಬಂದು ಮತ್ತೆ ನನ್ನನ್ನು ಹಿಡಿದಳು. "ಯಾರ ಫೋನಲ್ಲಾದ್ರೂ ಉಳಿದಿದ್ರೆ ಅಳಿಸ್ಬೇಡಿ, ತನ್ನಿ!"

ನಿಂಗಾಜಮ್ಮ ಫೋನನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಏದುಸಿರು ಬಿಡುತ್ತ ಬಂದಳು. "ನಂಗೆ ತೆಗಿಯಾಕೂ ಬರಕಿಲ್ಲ, ಅಳ್ಸಾಕೂ ಬರಕಿಲ್ಲ ಕಣವ್ವ. ಏನೋ ಟಿಣ್ ಅಂತು, ಹಂಗೇ ಗಂಟು ಹಾಕಿವ್ನಿ!"

ಆ ಗಂಟು ಬಿಚ್ಚಿದ್ದು ಠಾಣೆಯಲ್ಲೇ. ನಟೇಶನ ನಂಬರು ಸಿಕ್ಕಿತು, ಅವನೂ ಸಿಕ್ಕಿದ. ಅಷ್ಟರಲ್ಲಿ ಅವನು ಜಾಲತಾಣಕ್ಕೂ ಏರಿಸಿದ್ದ ಆ ಫೋಟೊವನ್ನು ಪೊಲೀಸರು ತೆಗೆಸಿದರು. ಸುದ್ದಿ ಬಂದ ಸಂಜೆ ಹೆಂಗಸರು ಹಾಲಿನ ಕ್ಯಾನು ಬಡಿದು ಕುಣಿದರು. ನಾನೂ ಕೀಂಯ್ ಎಂದೆ!

ಈಗ ನನಗೆ ವಯಸ್ಸಾಗಿದೆ. ತಂತಿಯಿಲ್ಲದ ಹೊಸ ಮೈಕು ಬಂದಿದೆ, ನಾನು ಹಿಂಡಿ ಮೂಟೆಯ ಪಕ್ಕ ಮೂಲೆ ಹಿಡಿದಿದ್ದೇನೆ. ಮೊನ್ನೆ ಪಕ್ಕದೂರಿನ ಕಾಲೇಜು ಹುಡುಗಿಯೊಬ್ಬಳು ಬಾಗಿಲಲ್ಲಿ ಬಂದು ನಿಂತಳು.

"ಅಕ್ಕ, ನಂಗೂ ಒಬ್ಬ ಹಂಗೇ..." ಅಂದವಳು ಕೈಯಲ್ಲಿದ್ದ ಫೋನನ್ನು ಮುಂದೆ ಚಾಚಿದಳು.

ತುಳಸಿ ಕುರ್ಚಿ ಎಳೆದಳು. "ಕೂತ್ಕೊ ಮಗಾ. ಮೊದ್ಲು ಒಂದು ಮಾತು, ಏನೂ ಅಳಿಸ್ಬೇಡ."

ಹುಡುಗಿ ಮೆಲ್ಲಗೆ ಹೇಳುತ್ತ ಹೋದಳು. ನಾನು ಕೂಗುವುದಕ್ಕೇ ಹುಟ್ಟಿದ ಜೀವ. ಆದರೆ ಆ ಮಾತನ್ನು ಊರಿಗೆ ಹೇಳುವುದೋ ಬೇಡವೋ, ಅದು ಅವಳಿಗೆ ಬಿಟ್ಟದ್ದು. ನಾನು ತೆಪ್ಪಗೆ ಕೇಳಿಸಿಕೊಂಡೆ.